ಸುರುಳಿಗೆ ಬಳಿದ ಸಿಲ್ವರ್ ಪೇಂಟ್

ನಮ್ಮ ಮನೆ ಮಾಲೀಕರಿಗೆ ತಿಳಿಯದ ವಿಷಯ ಈ ಭೂಮಿಯ ಮೇಲೆ ಇಲ್ಲ. ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದು ನಿವೃತ್ತರಾದ ಮೇಲೆ ಅವರ ಮೇಲುಸ್ತುವಾರಿಗೆ ಉಳಿದದ್ದು ರಾಮಕೃಷ್ಣನಗರದ ಈ ಮನೆ, ಮತ್ತು ಅದರ ಮಹಡಿಯಲ್ಲಿ ಬಾಡಿಗೆಗಿರುವ ನಾನು. ತಾರಸಿಯಲ್ಲಿ, ಹವ್ಯಾಸಕ್ಕೆಂದು ದೂರದವರೊಡನೆ ಮಾತಾಡುವ ನನ್ನ ಹ್ಯಾಮ್ ರೇಡಿಯೋದ ಆಂಟೆನಾ ಕಂಬ ನಿಲ್ಲಿಸಿದ ದಿನ ಅದಕ್ಕೊಂದು ಸುತ್ತು ಬಂದು, "ಇದ್ರಲ್ಲಿ ಬಟ್ಟೆ ಒಣಗಾಕಕ್ಕೂ ಆಗಲ್ಲ ಕಣಮ್ಮ" ಎಂದಿದ್ದರು.

ಕಂಬ ಗಿಡ್ಡ. ಎತ್ತರದ್ದಕ್ಕೆ ಈ ಮಹಾನುಭಾವರೇ ಒಪ್ಪಿರಲಿಲ್ಲ. ಗಿಡ್ಡ ಕಂಬ ಕೆಲಸ ಮಾಡಬೇಕಾದರೆ ನಡುವೆ ತಾಮ್ರದ ತಂತಿಯ ಸುರುಳಿಯೊಂದು ಬೇಕು. ಕಂಬದಲ್ಲಿ ಕಡಿಮೆಬಿದ್ದ ಉದ್ದವನ್ನು ಅದು ತುಂಬಿಕೊಡುತ್ತದೆ. ದೇವರಾಜ ಮೊಹಲ್ಲಾದ ಮೋಟಾರ್ ವೈಂಡಿಂಗ್ ಅಂಗಡಿಯಿಂದ ತಂತಿ ತಂದು ಪಿವಿಸಿ ಪೈಪಿನ ತುಂಡಿಗೆ ಸುತ್ತಿದೆ. ಸುತ್ತುಗಳ ನಡುವೆ ಸಮನಾದ ಸಂದು ಇರಲೆಂದು ನೈಲಾನ್ ದಾರವನ್ನೂ ಜೊತೆಗೇ ಸುತ್ತಿ, ಆಮೇಲೆ ದಾರ ಬಿಚ್ಚಿ ತೆಗೆದೆ. ಸುತ್ತು ಹೆಚ್ಚಾಯಿತು, ಬಿಚ್ಚಿದೆ. ಕಡಿಮೆಯಾಯಿತು, ಮತ್ತೆ ಸುತ್ತಿದೆ. ಬೆರಳ ತುದಿಯ ಚರ್ಮ ಸುಲಿದುಹೋಯಿತು.

ಇಷ್ಟೆಲ್ಲ ಮಾಡಿದ್ದು ನನಗೆ ಮೋರ್ಸ್, ಅಂದರೆ ಟೆಲಿಗ್ರಾಂ ಕಾಲದ ಸದ್ದಿನ ಸಂಕೇತ, ಕಲಿಸಿದ ಮೇಷ್ಟ್ರಿಗಾಗಿ. ಅವರೀಗ ಚಿತ್ರದುರ್ಗದಲ್ಲಿ ಮಗನ ಮನೆಯಲ್ಲಿದ್ದಾರೆ. ಕಿವಿ ಮಂದವಾಗಿ ಯಾರ ಮಾತೂ ತಿಳಿಯುವುದಿಲ್ಲ, ಫೋನಿನಲ್ಲಂತೂ ಇಲ್ಲವೇ ಇಲ್ಲ. ಹೆಡ್‌ಫೋನಿನಲ್ಲಿ ಬರುವ ಮೋರ್ಸಿನ ಒಂದೇ ಸ್ವರ ಮಾತ್ರ ಕೇಳಿಸುತ್ತಿತ್ತು. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಹರಟುತ್ತಿದ್ದೆವು. ಅವರಿಗೆ ಉಳಿದಿದ್ದ ಹರಟೆ ಅದೊಂದೇ.

ಆಯುಧ ಪೂಜೆಗೆ ನಾನು ತಂಗಿಯ ಮನೆಗೆ ಹೋಗಿದ್ದೆ. ಹಬ್ಬ ಮುಗಿದ ಭಾನುವಾರ ಕೂತು ಕರೆದರೆ ಮೇಷ್ಟ್ರಿಗೆ ನಾನು ಕೇಳಿಸಲೇ ಇಲ್ಲ. ಅವರ ಮೋರ್ಸ್ ಮಾತ್ರ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಮತ್ತೆ ಮತ್ತೆ ಕರೆದರು, ಕಾದರು. ಕೊನೆಗೆ ನಿಧಾನವಾಗಿ ಕೀ ಒತ್ತಿದರು: "ನೀನು ಕರೆಯುತ್ತಿರಬಹುದು. ನನಗೆ ಇದೂ ಕೇಳಿಸದಾಯಿತು. ಇಷ್ಟು ದಿನ ಮಾತಾಡಿದೆಯಲ್ಲ, ಸಂತೋಷ."

ತಾರಸಿಗೆ ಓಡಿದೆ. ಸುರುಳಿಯ ಮೈತುಂಬ ಸಿಲ್ವರ್ ಪೇಂಟ್. ಹಬ್ಬಕ್ಕೆಂದು ಮಾಲೀಕರು ಗೇಟು, ನೀರಿನ ಪೈಪು, ನನ್ನ ಸುರುಳಿ, ಎಲ್ಲಕ್ಕೂ ಒಂದೇ ಡಬ್ಬದಿಂದ ಬಳಿದಿದ್ದರು. ಮೇಲೆ ಅರಿಶಿನ ಕುಂಕುಮ, ಬಾಡಿದ ಸೇವಂತಿಗೆ. ಆ ಬಣ್ಣದಲ್ಲಿರುವುದು ಅಲ್ಯೂಮಿನಿಯಂ ಪುಡಿ; ಸುತ್ತುಗಳ ನಡುವಿನ ಸಂದನ್ನೆಲ್ಲ ತುಂಬಿತ್ತು. ಕೇಳಿಸಿಕೊಳ್ಳಲು ಕೆಟ್ಟ ಸುರುಳಿಯೂ ಸಾಕು, ನಾನು ಕಳಿಸಿದ್ದನ್ನೆಲ್ಲ ಮಾತ್ರ ಅದೇ ನುಂಗಿಹಾಕಿತ್ತು.

"ಆಯುಧ ಅಂದ್ಮೇಲೆ ಆಯುಧ ಕಣಮ್ಮ. ಕೆಂಪಗೆ ತುಕ್ಕು ಹಿಡಿದಂಗಿತ್ತು, ಒಂದು ಕೋಟ್ ಹೊಡೆದ್ಬುಟ್ಟೆ" ಎಂದರು ಮಾಲೀಕರು, ಮೆಚ್ಚುಗೆಗೆ ಕಾಯುತ್ತ. ತಾಮ್ರಕ್ಕೂ ತುಕ್ಕಿಗೂ ವ್ಯತ್ಯಾಸ ತಿಳಿಯದ ಈ ಮನುಷ್ಯ ಅಷ್ಟು ವರ್ಷ ಕಾರ್ಖಾನೆಯಲ್ಲಿ ಏನನ್ನು ನೋಡಿಕೊಳ್ಳುತ್ತಿದ್ದರೋ. ಅವರಿಗೆ ವಿವರಿಸಿ ಹೇಳುವುದೂ ದಂಡ ಅನ್ನಿಸಿತು. ಆ ನಗುಮುಖ ನೋಡಿ ಹೇಸಿಗೆಯಾಯಿತು.

ಮೇಷ್ಟ್ರ ಮಗನಿಗೆ ಫೋನ್ ಮಾಡಿ, ಕೆಟ್ಟಿದ್ದು ನನ್ನ ಆಂಟೆನಾ, ಅವರ ಕಿವಿಯಲ್ಲ, ಅಂತ ಬರೆದು ತೋರಿಸಲು ಹೇಳಿದೆ. ಸಂಜೆ ಅವನೇ ಫೋನ್ ಮಾಡಿದ.

"ತೋರಿಸ್ದೆ ಅಕ್ಕ. ಪಾಪ, ನನ್ನ ಸಮಾಧಾನಕ್ಕೆ ಹೇಳ್ತಾಳೆ ಅಂದ್ಬುಟ್ರು. ರೇಡಿಯೋ ಸೆಟ್ ಮೇಲೆ ಬಟ್ಟೆ ಮುಚ್ಚಿಟ್ಟಿದ್ದಾರೆ."

ಹೊಸ ತಂತಿ ತಂದು ಮತ್ತೆ ಸುತ್ತಿದೆ. ಮುಂದಿನ ಭಾನುವಾರ ಅದೇ ಹೊತ್ತಿಗೆ ಮೇಷ್ಟ್ರನ್ನು ಕರೆದೆ. ಕೋಲ್ಕತ್ತದಿಂದ ಯಾರೋ, ಕೊಲಂಬೊದಿಂದ ಇನ್ಯಾರೋ ಉತ್ತರಿಸಿದರು: ನಿಮ್ಮ ಸಿಗ್ನಲ್ ಬಹಳ ಚೆನ್ನಾಗಿ ಬರುತ್ತಿದೆ. ಅವರಿಗೊಂದು ನಮಸ್ಕಾರವನ್ನೂ ಹೇಳದೆ ನಾನು ಮೇಷ್ಟ್ರನ್ನೇ ಕರೆಯುತ್ತ ಕೂತೆ.