ದೋಣಿ ಹತ್ತಿದ ಒಂಟೆ

ಸೌದಿಯ ದಮ್ಮಾಮಿನಲ್ಲಿರುವ ದರ್ಜಿ ಪೊಡಿಯಬ್ಬನ ಪಿತ್ತ ನೆತ್ತಿಗೇರಿಸಲು ಒಂದು ಅಕ್ಷರ ಸಾಕು. ಅರಬ್ಬಿಯಲ್ಲಿ 'ಪ'ವೂ ಇಲ್ಲ, 'ಡ'ವೂ ಇಲ್ಲ. ಹಾಗಾಗಿ ಇಕಾಮಾ ಎಂಬ ವಾಸದ ಪರವಾನಗಿ ಕಾರ್ಡಿನಲ್ಲಿ ಅವನು ಬೂದಿಯಬ್ಬ! "ಬೂದಿ ಅಲ್ಲ ಮಾರಾಯ, ಪೊಡಿ, ಪೊಡಿ!" ಎಂದು ಇಪ್ಪತ್ತೇಳು ವರ್ಷದಿಂದ ಕಂಡಕಂಡ ಕಚೇರಿಯಲ್ಲಿ ಜಗಳ ಮಾಡಿದ್ದಾನೆ. ಯಾರು ಕೇಳ್ತಾರೆ?

ಅಲ್ಲಿ ದುಡಿಯುವ ಊರಿನ ಹುಡುಗರು 'ಪಡು ಬಾಯ್ಸ್' ಫುಟ್‌ಬಾಲ್ ಕ್ಲಬ್ ಕಟ್ಟಿದಾಗ ಲಾಂಛನ ಹೊಲಿದವನೂ ಅವನೇ. ನೀಲಿ ಬಟ್ಟೆಯ ಮೇಲೊಂದು ದೋಣಿ, ಕೆಳಗೆ ಅರಬ್ಬಿಯಲ್ಲಿ ಹೆಸರು. ಪಡುಗಡಲ ದಡದವರು ನಾವು ಎಂಬ ಹೆಮ್ಮೆ. ಮೊದಲ ಪಂದ್ಯದಲ್ಲೇ ಎದುರಿನ ಸೌದಿ ತಂಡದವರು ಅದನ್ನು ಓದಿ ಬಿದ್ದು ಬಿದ್ದು ನಕ್ಕರು. ಬರಹದಲ್ಲಿ 'ಪಡು' ಹೋಗಿ 'ಬದು' ಆಗಿತ್ತು. ಬದು ಅಂದರೆ ಒಂಟೆ ಸಾಕಿಕೊಂಡು ಮರುಭೂಮಿಯಲ್ಲಿ ಇರುವವರು. "ದೋಣಿ ಏನೋ ಇದೆ, ನಿಮ್ಮ ಒಂಟೆ ಎಲ್ಲಿ?" ಎಂದು ಅವರ ಕ್ಯಾಪ್ಟನ್ ಅಮ್ಮಾರ್ ಕಿಚಾಯಿಸಿದ.

ಗೋಲ್‌ಕೀಪರ್ ನೋಣಯ ನಾಚಿಕೆಯಿಂದ, "ಆ ಹೆಸರನ್ನೇ ಕಿತ್ತು ಬಿಸಾಡುವ," ಎಂದ. ಪೊಡಿಯಬ್ಬನಿಗೆ ಹಟ ಬಂತು. "ಒಂಟೆ ಬೇಕಲ್ಲ ಅವರಿಗೆ? ಕೊಡುವ!" ಎಂದವನೇ ದೋಣಿಯೊಳಗೆ ಒಂದು ಒಂಟೆ ಹೊಲಿದು ಕೂರಿಸಿಬಿಟ್ಟ. ಕುತ್ತಿಗೆ ತುಸು ಉದ್ದವಾಯಿತು, ಹೋಗಲಿ. ಮುಂದೆ ಕಪ್ ಗೆದ್ದಾಗ ಅದರ ತಲೆಯ ಮೇಲೆ ನಕ್ಷತ್ರ ಬಂತು. ಕಸೂತಿ ಮಶಿನ್ ಬಂದ ಮೇಲೆ ಅಂಚಿಗೆ ಜರಿ ಬಂತು. ಒಂಟೆ ಮಾತ್ರ ದೋಣಿ ಬಿಟ್ಟು ಇಳಿಯಲಿಲ್ಲ.

ಈ ವರ್ಷ ಹೊಸ ಸೆಕ್ರೆಟರಿ ಅಖಿಲೇಶ್ ಅದನ್ನು ಇಳಿಸಿದ. "ಇನ್ನು ಸಾಕು ಪೊಡಿಯಬ್ಬಾಕ, ಇದು ಹಳೇ ಕಾಲದ್ದು," ಎಂದು ಹೊಸ ಜೆರ್ಸಿ ತೋರಿಸಿದ. ಎದೆಯ ಮೇಲೊಂದು ವೃತ್ತ, ಒಳಗೆ ಇಂಗ್ಲಿಷಿನ 'ಪಿ', ಅಷ್ಟೇ. ಪೊಡಿಯಬ್ಬನಿಗೆ ಸಂಕಟವಾಯಿತು. ಇಷ್ಟು ವರ್ಷ ಆ ಹುಡುಗರ ಎದೆಯ ಮೇಲೆ ಓಡಾಡಿದ್ದು ಅವನ ಕೈಕೆಲಸ. "ಆಯ್ತು, ನಿಮ್ಮ ಕ್ಲಬ್ಬು, ನಿಮ್ಮ ಇಷ್ಟ," ಎಂದವನು ಆ ದಿನ ಊಟಕ್ಕೂ ಏಳಲಿಲ್ಲ.

ಟೂರ್ನಿಯ ದಿನ ಬೆಳಿಗ್ಗೆ ಅಖಿಲೇಶ್ ಏದುಸಿರು ಬಿಡುತ್ತಾ ಅಂಗಡಿಗೆ ಬಂದ. ಟೂರ್ನಿ ನಡೆಸುವವನು ಈಗ ಅದೇ ಅಮ್ಮಾರ್, ಗಡ್ಡ ಪೂರಾ ನರೆತಿದೆ. ಹೊಸ ಜೆರ್ಸಿ ನೋಡಿದ್ದೇ ಮುಖ ಗಂಟಿಕ್ಕಿದನಂತೆ. "ಇದು ಯಾರ ತಂಡ? ನಮ್ಮ ಬದು ಎಲ್ಲಿ? ಮೊಮ್ಮಕ್ಕಳನ್ನು ಒಂಟೆ ತೋರಿಸುತ್ತೇನೆ ಅಂತ ಕರೆದುಕೊಂಡು ಬಂದಿದ್ದೇನೆ!" ಎಂದನಂತೆ.

"ನನ್ನದೇ ತಪ್ಪು ಪೊಡಿಯಬ್ಬಾಕ," ಅಖಿಲೇಶ್ ತಲೆ ತಗ್ಗಿಸಿದ. "ಸಂಜೆಯೊಳಗೆ ಹದಿನೆಂಟು ಒಂಟೆ ಆಗ್ತದಾ?"

"ಆಗದೆ ಎಂತ? ಯಲ್ಲಾ, ಆ ನೀಲಿ ಬಟ್ಟೆ ತೆಗಿ!"

ಸಂಜೆ ತಂಡ ಮೈದಾನಕ್ಕಿಳಿದಾಗ ಮಕ್ಕಳು "ಬದು! ಬದು!" ಎಂದು ಕೂಗಿದರು. ಅಮ್ಮಾರ್ ನೋಣಯನ ಮಗನ ಜೆರ್ಸಿ ಹಿಡಿದು ಆ ಉದ್ದ ಕುತ್ತಿಗೆಯ ಮೇಲೆ ಬೆರಳಾಡಿಸಿದ. "ಇಷ್ಟು ವರ್ಷ ಕೇಳಬೇಕೆಂದಿದ್ದೆ. ಇದನ್ನು ಮಾಡಿದವರು ಯಾರು?"

ಪೊಡಿಯಬ್ಬ ಮುಂದೆ ಬಂದು ಎದೆಯ ಮೇಲೆ ಕೈಯಿಟ್ಟ.

"ನಾನೇ," ಎಂದ ಅರಬ್ಬಿಯಲ್ಲಿ. "ಬೂದಿಯಬ್ಬ."