ಗಾಜಿನ ಬೀರುವಿನ ಬ್ರೇಕುಗಳು

ಮಕ್ಕಳ ಹಳೆಯ ಮಾದರಿಯ ಬಿಎಂಎಕ್ಸ್ ಸೈಕಲ್ಲುಗಳ ಬ್ರೇಕ್ ಲಿವರ್ ಕೂಡಿಡುವುದು ನನ್ನ ಚಟ. ಮೊಬೈಲ್ ಸಿಗ್ನಲ್ಲಿಗೆ ದಿಬ್ಬ ಹತ್ತಬೇಕಿದ್ದ ಕಾಲದಲ್ಲಿ, ಕೆಲಸದ ಮೇಲೆ ದೊಡ್ಡಗಾಜನೂರಿಗೆ ಹೋಗಿದ್ದೆ. ಡೈರಿಗೆ ಹಾಲು ಹಾಕುವ ಮಾದಪ್ಪನವರ ದೊಡ್ಡ ಸೈಕಲ್ಲಿನಲ್ಲಿ ಅಂಥದೊಂದು ಪುಟ್ಟ ಕೆಂಪು ಲಿವರ್ ಕಂಡು ನಿಂತುಬಿಟ್ಟೆ. ಕೀಲು ಸವೆದದ್ದಕ್ಕೆ ತಂತಿ ಸುತ್ತಿದ್ದರು. ಕೊಡುತ್ತೀರಾ ಎಂದು ಕೇಳಿದೆ.

ಅವರು ಬಲಗೈ ಚಾಚಿದರು. ಮೇವು ಕತ್ತರಿಸುವ ಮಿಷನ್ನು ಎರಡು ಬೆರಳು ತಿಂದಿತ್ತು.

"ದೊಡ್ಡ ಬ್ರೇಕು ಈ ಕೈಗೆ ಎಟಕಾಕಿಲ್ಲ ಸಾಮಿ. ಮಕ್ಕಳದೇ ಸರಿ. ನಿಮಗ್ಯಾಕೆ?"

"ಮನೇಲಿ ಇಂಥವು ಹನ್ನೊಂದಿವೆ. ಅಂಗಡಿಗಳಲ್ಲಿ ಮಾರದೆ ಉಳಿದವು, ಒಂದೂ ಸೈಕಲ್ ಏರಿಲ್ಲ, ಎಲ್ಲ ಗಾಜಿನ ಬೀರುವಿನಲ್ಲಿವೆ," ಎಂದೆ, ಸ್ವಲ್ಪ ಜಂಬದಿಂದಲೇ.

ಅವರು ಯೋಚಿಸಿದರು. "ಅಲ್ಲಿ ಅವು ಏನ ನಿಲ್ಲಿಸ್ತವೆ?"

ಗೇಲಿಯಲ್ಲ, ನಿಜವಾಗಿಯೂ ಕೇಳಿದ್ದರು.

ಮುಂದಿನ ಸಲ ಹೋಗುವಾಗ ಬೀರುವಿನಿಂದ ಒಂದನ್ನು ತೆಗೆದುಕೊಂಡು ಹೋಗಿ ಅವರ ಸೈಕಲ್ಲಿಗೆ ನಾನೇ ಕೂರಿಸಿದೆ. ಮಾದಪ್ಪ ಇಳಿಜಾರಿನಲ್ಲಿ ಸೈಕಲ್ ಬಿಟ್ಟು, ಉಳಿದ ಬೆರಳುಗಳಲ್ಲಿ ಬ್ರೇಕ್ ಹಿಡಿದು ನೋಡಿ ಬಂದರು. ಆಮೇಲೆ ಬಿಚ್ಚಿಟ್ಟಿದ್ದ ಹಳೆಯ ಲಿವರನ್ನು ಪಂಚೆಯಲ್ಲಿ ಒರೆಸಿ ನನ್ನ ಕೈಗಿಟ್ಟರು.

"ಇದ ಮಡಿಕಳಿ ಸಾಮಿ. ಬಾಳ ದುಡಿದದೆ, ಇನ್ನ ಕೂತ್ಕಳ್ಲಿ."

ನನ್ನ ಬೀರುವಿಗೆ ನಿವೃತ್ತಿಯಾಗಿ ಬಂದದ್ದು ಅದೊಂದೇ. ಉಳಿದವು ಇನ್ನೂ ಕೆಲಸಕ್ಕೇ ಸೇರಿಲ್ಲ.