ಸೋಸಿ ಕೊಟ್ಟ ನೀರು

ಕಲಬುರಗಿಯ ಒಂದು ಪರೀಕ್ಷಾಲಯದಲ್ಲಿ ಕುಡಿಯುವ ನೀರು ಪರೀಕ್ಷಿಸುವುದು ನನ್ನ ಕೆಲಸ. ಬಂದ ನೀರನ್ನು ಔಷಧಿ ಹಾಕಿದ ಸಣ್ಣ ಶೀಶೆಗೆ ಹಾಕಿಡುತ್ತೇವೆ. ಗಟಾರದ ಹೊಲಸು ಬೆರೆತಿದ್ದರೆ ಎರಡು ದಿನದೊಳಗೆ ಅದು ಕಪ್ಪಾಗುತ್ತದೆ. ಮಂದಿ ಸುಳ್ಳು ಹೇಳಬಹುದು, ಶೀಶೆ ಹೇಳುವುದಿಲ್ಲ ಎಂಬ ಸೊಕ್ಕು ನನಗಿತ್ತು.

ಕಮಲಾಪುರದಲ್ಲಿ ನನ್ನ ಅಕ್ಕ ಇರುವ ಓಣಿಯ ನಳದ ನೀರು ಬೇಸಿಗೆಯಿಂದ ನಾರುತ್ತಿತ್ತು. ಪೈಪು ಗಟಾರದೊಳಗೇ ಹಾದುಬಂದಿದೆ. ಮಕ್ಕಳಿಗೆ ವಾಂತಿಭೇದಿ ಶುರುವಾದ ಮೇಲೆ ಓಣಿಯವರು ಪಂಚಾಯಿತಿಗೆ ದೂರು ಕೊಟ್ಟರು. ನೀರು ಪರೀಕ್ಷೆಯಾಗಲಿ, ಕೆಟ್ಟಿದ್ದರೆ ಪೈಪು ಬದಲಿಸೋಣ, ಅಲ್ಲಿಯವರೆಗೆ ದಿನಕ್ಕೊಂದು ಟ್ಯಾಂಕರ್ ಎಂದಾಯಿತು. ನೀರು ತರಲು ನಾನೇ ಹೋಗಬೇಕಿತ್ತು. ಬಿಸಿಲಿಗೆ ಬೇಸತ್ತು ಖಾಲಿ ಬಾಟಲಿಯನ್ನು ಅಕ್ಕನಿಗೆ ಕಳಿಸಿದೆ. ಕೈ ತೊಳೆದು ತುಂಬು, ಮುಚ್ಚಳದೊಳಗೆ ಬೆರಳು ತಾಗಿಸಬೇಡ ಎಂದು ಫೋನಿನಲ್ಲಿ ಮೂರು ಸಲ ಹೇಳಿದೆ. ಅವಳೇ ಬಸ್ಸು ಹತ್ತಿ ಬಂದು ಕೊಟ್ಟು ಹೋದಳು.

ಶೀಶೆ ಕಪ್ಪಾಗಲಿಲ್ಲ. ಇನ್ನೊಂದು ದಿನ ಇಟ್ಟು ನೋಡಿದೆ. ಆಗಲೂ ಆಗಲಿಲ್ಲ. ‘ಕುಡಿಯಲು ಯೋಗ್ಯ’ ಎಂದು ಬರೆದು ಸಹಿ ಹಾಕಿದೆ. ಹಾಕುವಾಗ ಖುಷಿಯೇ ಆಗಿತ್ತು.

ವರದಿ ಹೋದದ್ದೇ ಟ್ಯಾಂಕರ್ ನಿಂತಿತು. ಅಕ್ಕ ಫೋನ್ ಮಾಡಿ ಗೋಳಾಡಿದಾಗ ನನಗೆ ಸಿಟ್ಟು ಬಂತು. ನೀರು ಚೊಕ್ಕ ಇದೆ, ನಾನೇ ನೋಡಿದ್ದೇನೆ ಎಂದೆ.

“ಚೊಕ್ಕ ಇರಲಾರ್ದ ಏನ್ ಮಾಡ್ತಾವೋ ತಮ್ಮಾ? ಅರಿವಿಲೆ ಎರಡ ಸಲ ಸೋಸಿ, ಕುದಿಸಿ, ಆರಿಸಿ ತುಂಬೀನಿ. ಹೊಲಸ ನೀರ ಮಂದಿ ಕೈಯಾಗ ಹೆಂಗ ಕೊಡ್ಲಿ? ನಿನ್ನ ಮರ್ಯಾದಿ ಏನ್ ಉಳಿತಿತ್ತು?”

ನಮ್ಮ ಮನೆಯಲ್ಲಿ ಬಂದವರಿಗೆ ಮೊದಲು ನೀರು, ಅದೂ ಬೆಳಗಿದ ತಂಬಿಗೆಯಲ್ಲಿ, ಸೋಸಿದ ನೀರು. ಅವ್ವ ನಮಗಿಬ್ಬರಿಗೂ ಕಲಿಸಿದ್ದು ಅದನ್ನೇ. ಎಲ್ಲ ಹೇಳಿದ ನಾನು, ಸೋಸಬೇಡ, ಕುದಿಸಬೇಡ ಎಂಬುದೊಂದನ್ನು ಹೇಳದೆ ಬಿಟ್ಟಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮರುದಿನ ಮೇಲಿನವರ ಮುಂದೆ ತಪ್ಪೊಪ್ಪಿಕೊಂಡೆ. ವರದಿ ಹೋಯಿತು, ದೂರು ಮುಗಿಯಿತು, ಹೊಸ ದೂರು ಬಂದರೆ ಸರದಿ ಪ್ರಕಾರ ನೋಡೋಣ ಎಂದರು. ನನ್ನ ತಪ್ಪನ್ನು ಬರೆದುಕೊಡುತ್ತೇನೆ ಎಂದೆ. “ನೌಕರಿ ಬ್ಯಾಡಾಗ್ಯದೇನ್ರಿ?” ಎಂದರು. ಬರೆದೂ ಕೊಟ್ಟೆ. ಕಾಗದ ಅವರ ಮೇಜಿನ ಮೇಲೆಯೇ ಇದೆ. ನಾನೇ ಹೋಗಿ ನೀರು ತುಂಬಿಕೊಂಡು ಬಂದೆ. ಶೀಶೆ ಒಂದೇ ದಿನಕ್ಕೆ ಕಪ್ಪಾಯಿತು. ದೂರಿನ ನಂಬರಿಲ್ಲದ ನೀರಿಗೆ ವರದಿ ಬರೆಯುವಂತಿಲ್ಲ. ಓಣಿಯವರು ಹೊಸ ದೂರು ಕೊಟ್ಟಿದ್ದಾರೆ, ಸರದಿ ಇನ್ನೂ ಬಂದಿಲ್ಲ.

ಕುದಿಸದೆ ಕುಡಿಯಬೇಡಿ ಎಂದಾದರೂ ಹೇಳೋಣವೆಂದು ಭಾನುವಾರ ಮತ್ತೆ ಕಮಲಾಪುರಕ್ಕೆ ಹೋದೆ. ಓಣಿಯವರೆಲ್ಲ ಖಾಲಾ ಎಂದು ಕರೆಯುವ, ಅಕ್ಕನ ಪಕ್ಕದ ಮನೆಯ ಅಜ್ಜಿ ನಳಕ್ಕೆ ಬಟ್ಟಲು ಹಿಡಿದು ಪುಟ್ಟ ಮೊಮ್ಮಗಳ ಕೈಗೆ ಕೊಡುತ್ತಿದ್ದರು.

“ಕುದಿಸಿ ಕೊಡ್ರಿ ಖಾಲಾ,” ಎಂದೆ.

“ಮೊದ್ಲ ದಿನಾ ಕುದಸ್ತಿದ್ದೆ ಭಾಯಿ. ನಿಮ್ಮ ಕಾಗದ ಬಂದ ಮ್ಯಾಲ ಬಿಟ್ಟೀನಿ. ಗ್ಯಾಸ್ ಸುಮ್ನ ಯಾಕ ಸುಡಬೇಕು?”

“ಆ ಕಾಗದ ಖರೇ ಅಲ್ರೀ.”

ಅವರು ನನ್ನ ಮುಖವನ್ನೇ ನೋಡಿದರು. “ಸಹಿ ನಿಮ್ದೇ ಅಂತಾಳಲ್ಲ ನಿಮ್ಮ ಅಕ್ಕ?”

“ನಂದೇ.”

ಅಷ್ಟರಲ್ಲಿ ಹುಡುಗಿ ಬಟ್ಟಲು ಖಾಲಿ ಮಾಡಿ, ಇನ್ನಷ್ಟು ಬೇಕೆಂದು ನನ್ನ ಮುಂದೆಯೇ ಹಿಡಿದಳು.